ಹೊಸ ನೋವು, ಹಳೇ ಫೈಲು: ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ

ಕೊನೆಯ ಕರೆಂಟು (ವಿಕಿರಣ ಚಿಕಿತ್ಸೆ) ಮುಗಿದ ದಿನ ಆಸ್ಪತ್ರೆಯವರು ಹೇಳಿ ಕಳಿಸುವ ಮಾತು ಒಂದೇ: ಮೂರು ತಿಂಗಳು ಬಿಟ್ಟು ಬನ್ನಿ. ಆ ದಿನದ ತನಕ ಕೀಮೋಗೆ ಮುಂಚೆ ರಕ್ತ ಪರೀಕ್ಷೆ, ಕರೆಂಟಿನ ಕಾಲಕ್ಕೆ ದಿನಾ ಹಾಜರಿ, ಏನೇ ಆದರೂ ಕೇಳಲು ಒಬ್ಬ ಸಿಸ್ಟರ್. ಊರಿಗೆ ಬಂದ ಮೇಲೆ ಯಾರೂ ಇಲ್ಲ. ಮೈಯಂತೂ ಸುಮ್ಮನಿರುವುದಿಲ್ಲ. ಸೊಂಟ ಹಿಡಿಯುತ್ತದೆ, ಕೈ ಬಾಯುತ್ತದೆ, ಹೊಲಿಗೆಯ ಪಕ್ಕ ಗಂಟು ಸಿಗುತ್ತದೆ, ಒಣ ಕೆಮ್ಮು ಹತ್ತುತ್ತದೆ. ಪ್ರತಿಯೊಂದಕ್ಕೂ ಮನಸ್ಸು ಒಂದೇ ಹೆಸರು ಇಡುತ್ತದೆ: ಕಾಯಿಲೆ ಮರಳಿತು. ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆಯ ನಮಗೆ ಚಿಕಿತ್ಸೆ ಕೊಟ್ಟ ಆಸ್ಪತ್ರೆ ಇರುವುದು ಬಹುತೇಕ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ. ಹಾಗಾಗಿ ಯಾವ ನೋವಿಗೆ ರೈಲು ಹತ್ತಬೇಕು, ಯಾವುದಕ್ಕೆ ಇಲ್ಲೇ ತೋರಿಸಿದರೆ ಸಾಕು, ಯಾವುದಕ್ಕೆ ಹತ್ತು ದಿನ ಕಾಯಬಹುದು ಎಂಬುದನ್ನು ನಾವೇ ವಿಂಗಡಿಸಿಕೊಳ್ಳಬೇಕಾಗುತ್ತದೆ. ಈ ದಾರಿಯಲ್ಲಿ ನಡೆದವರು ಕಲಿತದ್ದನ್ನು ಇಲ್ಲಿ ಬರೆದಿದ್ದೇವೆ.

ಮೊದಲು ತಪಾಸಣೆಯ ಲೆಕ್ಕ. ಮೊದಲ ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ, ನಾಲ್ಕು ಮತ್ತು ಐದನೇ ವರ್ಷ 6ರಿಂದ 12 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಡಾಕ್ಟರು ಕೈಯಿಟ್ಟು ನೋಡಬೇಕು. ವರ್ಷಕ್ಕೊಂದು ಮ್ಯಾಮೊಗ್ರಾಂ. ಎದೆ ಉಳಿಸಿಕೊಂಡವರಿಗೆ ಎರಡೂ ಕಡೆ, ಪೂರ್ತಿ ತೆಗೆಸಿಕೊಂಡವರಿಗೆ ಉಳಿದ ಕಡೆ. ಕರೆಂಟು ಆದ ಕಡೆ ಮೊದಲ ಮ್ಯಾಮೊಗ್ರಾಂ ಕನಿಷ್ಠ 6 ತಿಂಗಳು ಕಳೆದ ಮೇಲೆ, ಏಕೆಂದರೆ ಅದಕ್ಕೂ ಮುಂಚೆ ಒಳಗಿನ ಬಾವು ಚಿತ್ರವನ್ನೇ ಮಸುಕು ಮಾಡುತ್ತದೆ. ತೊಂದರೆ ಏನೂ ಇಲ್ಲದವರಿಗೆ ಇಷ್ಟೇ. ಪ್ರತಿ ವರ್ಷ ಪೆಟ್ ಸ್ಕ್ಯಾನ್ ಯಾಕಿಲ್ಲ, ರಕ್ತದಲ್ಲಿ ಕ್ಯಾನ್ಸರ್ ಮಾರ್ಕರ್ ಯಾಕೆ ನೋಡುವುದಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಲಕ್ಷಣವೇ ಇಲ್ಲದವರಿಗೆ ಇವನ್ನು ಮಾಡಿಸಿದರೆ ಆಯುಷ್ಯ ಹೆಚ್ಚುವುದಿಲ್ಲ ಎಂಬುದು ಅಧ್ಯಯನಗಳಲ್ಲಿ ಕಂಡ ಮಾತು. ಹೆಚ್ಚುವುದು ಅರ್ಥವಾಗದ ನೆರಳುಗಳು, ಅವುಗಳ ಹಿಂದೆ ಮತ್ತೆ ಸ್ಕ್ಯಾನು, ಸೂಜಿ, ಸಾಲ. ಲಕ್ಷಣ ಬಂದರೆ ಮಾತ್ರ ಲೆಕ್ಕ ಬೇರೆ.

ಲಕ್ಷಣ ಬಂದಾಗ ಮೊದಲು ಬಿಚ್ಚಬೇಕಾದದ್ದು ಹಳೇ ಫೈಲು. ಹೊಸ ಸ್ಕ್ಯಾನಿಗೆ ಸಾವಿರಾರು ರೂಪಾಯಿ ಸುರಿಯುವವರು ಹಳೆಯದನ್ನು ಮನೆಯಲ್ಲಿ ಬಿಟ್ಟು ಬರುತ್ತಾರೆ. ಹಳೆಯದರ ಜೊತೆ ಹಿಡಿದು ನೋಡದ ರಿಪೋರ್ಟು ಅರ್ಧ ರಿಪೋರ್ಟು. ಲಿವರಿನಲ್ಲಿ 8 ಮಿಲಿಮೀಟರಿನ ಚುಕ್ಕೆ ಎಂದರೆ ಎದೆ ಧಸಕ್ಕೆನ್ನುತ್ತದೆ. ಎರಡು ವರ್ಷದ ಹಿಂದೆ ಕೀಮೋಗೆ ಮೊದಲು ತೆಗೆದ ಸಿಟಿಯಲ್ಲೂ ಅದೇ ಜಾಗದಲ್ಲಿ ಅದೇ ಅಳತೆಯ ಚುಕ್ಕೆ ಇತ್ತು ಎಂದರೆ ಅದು ನೀರುಗುಳ್ಳೆಯೋ ರಕ್ತನಾಳದ ಗಂಟೋ ಆಗಿರುವ ಸಾಧ್ಯತೆಯೇ ಹೆಚ್ಚು. ಹೊಸದೋ ಹಳೆಯದೋ ಎಂದು ಹೇಳಬಲ್ಲದ್ದು ಆ ಹಳೇ ಸ್ಕ್ಯಾನಿನ ಸಿಡಿ ಒಂದೇ.

ಫೈಲಿನ ಮೇಲೆ ಒಂದೇ ಹಾಳೆ ಇರಲಿ. ಅದರಲ್ಲಿ ಕಾಯಿಲೆ ಗೊತ್ತಾದ ತಿಂಗಳು, ಯಾವ ಕಡೆ, ಯಾವ ಆಪರೇಷನ್, ಗಡ್ಡೆಯ ಅಳತೆ, ಕಂಕುಳಿನ ಎಷ್ಟು ಗ್ರಂಥಿ ತೆಗೆದರು ಮತ್ತು ಎಷ್ಟರಲ್ಲಿ ಕಾಯಿಲೆ ಇತ್ತು, ಇಆರ್, ಪಿಆರ್, ಹರ್-2 (ಯಾವ ಚಿಕಿತ್ಸೆ ಎಂದು ಆರಿಸಲು ಗಡ್ಡೆಯ ಮೇಲೆ ಮಾಡುವ ಪರೀಕ್ಷೆಗಳು) ಏನು ಬಂದಿತ್ತು. ಕೀಮೋದ ಹೆಸರು ಮತ್ತು ಸಲ, ಅಂದರೆ 'ಎಸಿ 4, ಪ್ಯಾಕ್ಲಿಟ್ಯಾಕ್ಸೆಲ್ ವಾರಕ್ಕೊಂದರಂತೆ 12' ಎನ್ನುವ ಹಾಗೆ. ಕರೆಂಟು ಎದೆಗೆ ಮಾತ್ರವೋ, ಕೊರಳೆಲುಬಿನ ಮೇಲಿನ ಭಾಗಕ್ಕೂ ಕೊಟ್ಟರೋ, ಎಷ್ಟು ಗ್ರೇ (ಕರೆಂಟಿನ ಅಳತೆ) ಎಷ್ಟು ಸಲ, ಉದಾಹರಣೆಗೆ 40 ಗ್ರೇ 15 ಸಲ. ಈಗ ನುಂಗುವ ಮಾತ್ರೆ, ಶುರುವಾದ ತಾರೀಖು. ಸಕ್ಕರೆ, ಬಿಪಿ, ಥೈರಾಯ್ಡ್ ಇದ್ದರೆ ಅದೂ. ಜಿಲ್ಲಾ ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ ನಿಮ್ಮ ಇನ್ನೂರು ಪುಟದ ಫೈಲು ತಿರುವಲು ಪುರುಸೊತ್ತಿಲ್ಲ. ಆ ಒಂದು ಹಾಳೆ ಓದುತ್ತಾರೆ.

ಫೈಲು ಇಡುವ ಜಾಗವೂ ಮುಖ್ಯ. ನಮ್ಮ ಕಡೆಯ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗಿನ ಅಟ್ಟದಲ್ಲಿಟ್ಟ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಲ್ಟ್ರಾಸೌಂಡಿನ ನುಣುಪು ಕಾಗದ, ಇಸಿಜಿ ಪಟ್ಟಿ ಇವೆಲ್ಲ ಬಿಸಿಗೆ ಅಚ್ಚು ಮೂಡಿಸುವ ಕಾಗದ. ಕೆಲವು ಕಪ್ಪಾಗುತ್ತವೆ, ಕೆಲವು ಅಳಿಸಿ ಬಿಳಿಯಾಗುತ್ತವೆ. ಬಂದ ದಿನವೇ ಫೋನಿನಲ್ಲಿ ಫೋಟೋ ಹೊಡೆದು ಒಂದು ಜೆರಾಕ್ಸ್ ಮಾಡಿಸಿಡಿ. ಸಿಟಿ, ಎಂಆರ್‌ಐ, ಪೆಟ್ ಯಾವುದೇ ಆಗಲಿ, ಫಿಲ್ಮಿನ ಜೊತೆ ಸಿಡಿ ಕೇಳಿ ಪಡೆಯಿರಿ. ಫಿಲ್ಮಿನಲ್ಲಿ ಆರಿಸಿದ ಕೆಲವು ಚಿತ್ರ ಮಾತ್ರ ಇರುತ್ತವೆ, ಸಿಡಿಯಲ್ಲಿ ಎಲ್ಲವೂ ಇರುತ್ತವೆ.

ಇನ್ನೊಂದು ಸಾಮಾನು ಐದು ರೂಪಾಯಿಯ ನೋಟ್‌ಬುಕ್ಕು. 'ಮೈಯೆಲ್ಲ ನೋವ್ರೀ' ಎಂದರೆ ಡಾಕ್ಟರು ನೋವಿನ ಮಾತ್ರೆ ಬರೆಯುತ್ತಾರೆ. ಅದರ ಬದಲು ಹೀಗೆ ಬರೆದಿಟ್ಟುಕೊಳ್ಳಿ: 'ಬಲ ಸೊಂಟ, ಒಂದೇ ಜಾಗ, ಬೆರಳಿಟ್ಟು ತೋರಿಸಬಹುದು. ಶುರು ದೀಪಾವಳಿ ಪಾಡ್ಯದ ದಿನ. ರಾತ್ರಿ ಎರಡಕ್ಕೆ ಎಬ್ಬಿಸುತ್ತದೆ. ಮಲಗಿದರೂ ಇಳಿಯಲ್ಲ. ಡೋಲೋ ನುಂಗಿದರೆ ಮೂರು ತಾಸು ಕಡಿಮೆ. ಹೋದ ವಾರಕ್ಕಿಂತ ಹೆಚ್ಚು.' ಈ ಆರು ಸಾಲಿನಿಂದ ಡಾಕ್ಟರ ಯೋಚನೆಯ ದಿಕ್ಕೇ ಬದಲಾಗುತ್ತದೆ. ಹೆದರಿಕೆಗೂ ಇದು ಸ್ವಲ್ಪ ಮದ್ದು: ಬರೆದಿಟ್ಟ ನೋವು ಮುಂದಿನ ವಾರ ಕಡಿಮೆಯಾಗಿದ್ದರೆ ಅದು ಕಣ್ಣಿಗೇ ಕಾಣುತ್ತದೆ. ಹೊಸದಾಗಿ ಬಂದು ಎರಡು ವಾರ ದಾಟಿದರೂ ಹೋಗದ್ದು, ದಿನೇ ದಿನೇ ಹೆಚ್ಚುತ್ತಿರುವುದು, ಕಾರಣ ಗೊತ್ತಾಗದ್ದು ಇದ್ದರೆ ಮುಂದಿನ ತಪಾಸಣೆಯ ತಾರೀಖು ಕಾಯದೆ ತೋರಿಸಬೇಕು.

ಎರಡು ವಾರವಿರಲಿ, ಎರಡು ದಿನವೂ ಕಾಯಬಾರದಂಥವು ಕೆಲವಿವೆ. ಬೆನ್ನು ನೋವಿನ ಜೊತೆ ಕಾಲು ಸೋಲುವುದು, ತೊಡೆಯ ಸಂದಿಯಲ್ಲಿ ಜೋಮು, ಮೂತ್ರ ಕಟ್ಟುವುದು ಅಥವಾ ಗೊತ್ತಿಲ್ಲದೆ ಹೋಗುವುದು. ಬೆನ್ನುಹುರಿ ಒತ್ತಿಹೋಗುತ್ತಿದೆ ಎಂಬ ಅನುಮಾನಕ್ಕೆ ಇಷ್ಟು ಸಾಕು. ಅದೇ ದಿನ ಎಂಆರ್‌ಐ ಆಗಬೇಕು. ನಡೆಯುವ ಶಕ್ತಿ ಪೂರ್ತಿ ಹೋದ ಮೇಲೆ ಚಿಕಿತ್ಸೆ ಕೊಟ್ಟರೂ ಅದು ಮರಳುವುದು ಕಷ್ಟ. ಒಂದೇ ಮೀನಖಂಡ ಬಾತು ನೋಯುವುದು, ಇದ್ದಕ್ಕಿದ್ದಂತೆ ಏದುಸಿರು: ಟ್ಯಾಮಾಕ್ಸಿಫೆನ್ ಎಂಬ ಹಾರ್ಮೋನ್ ಮಾತ್ರೆ ನುಂಗುವವರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಹೆಚ್ಚು. ಮೊದಲ ಸಲ ಬಂದ ಫಿಟ್ಸು. ಬೆಳಿಗ್ಗೆ ಎದ್ದೊಡನೆ ತಲೆನೋವು ಮತ್ತು ವಾಂತಿ, ದಿನದಿಂದ ದಿನಕ್ಕೆ ಹೆಚ್ಚುತ್ತಿರುವುದು. ಆಪರೇಷನ್ ಆದ ಕಡೆಯ ಕೈ ಕೆಂಪಾಗಿ ಬಿಸಿಯಾಗಿ ಚಳಿಜ್ವರ. ಇವಕ್ಕೆ ಹತ್ತಿರದ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಜಿಲ್ಲಾ ಆಸ್ಪತ್ರೆ, ಯಾವುದು ಹತ್ತಿರವೋ ಅದು. ಬೆಂಗಳೂರಿನ ಡಾಕ್ಟರಿಗೆ ಫೋನು ಅಲ್ಲಿಂದ ಮಾಡಿದರಾಯಿತು.

ಎಲ್ಲಕ್ಕಿಂತ ಹೆಚ್ಚು ನಿದ್ದೆ ಕೆಡಿಸುವುದು ಎಲುಬಿನ ನೋವು. ಈ ಕಾಯಿಲೆ ಮರಳಿ ಬಂದರೆ ಸೇರುವ ಜಾಗಗಳಲ್ಲಿ ಎಲುಬೇ ಮೊದಲನೆಯದು ಎಂದು ಎಲ್ಲರಿಗೂ ಗೊತ್ತಿದೆ, ಅದಕ್ಕೇ. ಆದರೆ ನಮ್ಮ ಜಿಲ್ಲೆಗಳಲ್ಲಿ ಎಲುಬು ನೋಯಲು ಬೇರೆ ಕಾರಣಗಳು ಸಾಲುಗಟ್ಟಿ ನಿಂತಿವೆ. ಮೊದಲನೆಯದು ಮಾತ್ರೆ. ಲೆಟ್ರೊಜೋಲ್ 2.5 ಮಿಲಿಗ್ರಾಂ, ಅನಾಸ್ಟ್ರೊಜೋಲ್ 1 ಮಿಲಿಗ್ರಾಂ ಇಂಥವು ಮೈಯಲ್ಲಿ ಉಳಿದ ಈಸ್ಟ್ರೋಜನ್ನನ್ನೂ ಬತ್ತಿಸುತ್ತವೆ, ಕೀಲುಗಳು ಬಿಗಿಯುತ್ತವೆ. ಇದು ಎರಡೂ ಕಡೆ ಸಮನಾಗಿ ಬರುತ್ತದೆ. ಬೆಳಿಗ್ಗೆ ಬೆರಳು ಮಡಚಲಾಗದು, ರೊಟ್ಟಿ ಹಿಟ್ಟು ನಾದಲಾಗದು. ಒಂದಿಷ್ಟು ಕೆಲಸ ಮಾಡಿ ಓಡಾಡಿದ ಮೇಲೆ ಸಡಿಲವಾಗುತ್ತದೆ. ಸ್ಥಳ ಬದಲಾಯಿಸುತ್ತಾ ಇರುತ್ತದೆ. ಮರಳಿ ಬಂದ ಕಾಯಿಲೆಯ ನೋವು ಸಾಮಾನ್ಯವಾಗಿ ಒಂದು ಜಾಗ ಹಿಡಿದು ಕೂರುತ್ತದೆ, ರಾತ್ರಿ ಜಾಸ್ತಿ, ವಿಶ್ರಾಂತಿಗೆ ಬಗ್ಗದು, ವಾರದಿಂದ ವಾರಕ್ಕೆ ಏರುತ್ತದೆ. ನೂರಕ್ಕೆ ನೂರು ಹೀಗೇ ಎಂದಲ್ಲ, ಆದರೆ ನೋಟ್‌ಬುಕ್ಕಿನ ಸಾಲುಗಳಿಗೆ ಬೆಲೆ ಬರುವುದು ಇಲ್ಲೇ. ಮಾತ್ರೆಯ ನೋವು ತಡೆಯಲಾಗದಿದ್ದರೆ ಡಾಕ್ಟರು ಅದೇ ಗುಂಪಿನ ಬೇರೆ ಮಾತ್ರೆಗೆ ಬದಲಾಯಿಸಬಹುದು. ತಾವಾಗಿಯೇ ನಿಲ್ಲಿಸಿ ತಪಾಸಣೆಯ ದಿನ 'ನುಂಗ್ತಿದೀನ್ರೀ' ಎನ್ನುವವರು ನಮ್ಮಲ್ಲಿ ಬಹಳ. ಅದಕ್ಕಿಂತ ನೋವನ್ನು ಹೇಳಿಕೊಳ್ಳುವುದು ಮೇಲು.

ಎರಡನೆಯದು ನೀರು. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿದೆ. ವರ್ಷಗಟ್ಟಲೆ ಕುಡಿದವರ ಬೆನ್ನೆಲುಬು, ಸೊಂಟದ ಎಲುಬು ಗಟ್ಟಿಯಾಗಿ ದಪ್ಪವಾಗಿ ಎಕ್ಸ್‌ರೇಯಲ್ಲಿ ಅಚ್ಚ ಬಿಳಿಯಾಗಿ ಕಾಣುತ್ತವೆ. ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿರುತ್ತದೆ. ಬೋನ್ ಸ್ಕ್ಯಾನಿನಲ್ಲಿ ಇಡೀ ಅಸ್ಥಿಪಂಜರ ಸ್ಕ್ಯಾನಿಗೆಂದು ಚುಚ್ಚಿದ ಔಷಧವನ್ನು ಹೀರಿಕೊಂಡು ಕಪ್ಪಗೆ ಕಾಣುತ್ತದೆ. ನಮ್ಮ ಊರ ನೀರು ಗೊತ್ತಿಲ್ಲದ ದೂರದ ರೇಡಿಯಾಲಜಿಸ್ಟ್, ಚೀಟಿಯಲ್ಲಿ 'ಸ್ತನ ಕ್ಯಾನ್ಸರ್ ಆಗಿತ್ತು' ಎಂದು ಓದಿದವರು, ಎಲುಬಿಗೆ ಹರಡಿರಬಹುದು ಎಂದು ಬರೆದರೆ ತಪ್ಪೆನ್ನಲಾಗದು. ಆದ್ದರಿಂದ ಊರ ಹೆಸರು, ಎಷ್ಟು ವರ್ಷ ಬೋರ್ ನೀರು ಕುಡಿದಿರಿ, ಮನೆಯ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ ಇದೆಯೇ ಎಂಬುದನ್ನು ಬಾಯಿಬಿಟ್ಟು ಹೇಳಿ. ಮುಂಗೈಯ ಎಕ್ಸ್‌ರೇ ಒಂದು ಸುಲಭದ ಸುಳಿವು: ಅಲ್ಲಿನ ಎರಡು ಎಲುಬುಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿದ್ದರೆ ಫ್ಲೋರೋಸಿಸ್ ಎಂದು ಅನುಮಾನಿಸುತ್ತಾರೆ. ಫ್ಲೋರೈಡು ಎಲುಬನ್ನೆಲ್ಲ ಒಂದೇ ಸಮ ಬಿಳಿ ಮಾಡುತ್ತದೆ. ಹರಡಿದ ಕಾಯಿಲೆ ಸಾಮಾನ್ಯವಾಗಿ ಅಲ್ಲೊಂದು ಇಲ್ಲೊಂದು ಮಚ್ಚೆಯಾಗಿ ಕಾಣುತ್ತದೆ. ಎರಡೂ ಒಟ್ಟಿಗೇ ಇರಲಾರದು ಎಂದೇನೂ ಇಲ್ಲ, ಹಾಗಾಗಿ ಅನುಮಾನ ಉಳಿದರೆ ಆ ಜಾಗದ ಎಂಆರ್‌ಐ, ಕೊನೆಗೆ ಬಯಾಪ್ಸಿಯೇ (ತುಂಡು ತೆಗೆದು ನೋಡುವುದು) ತೀರ್ಮಾನ.

ಚಿಕುನ್‌ಗುನ್ಯಾ ಬಂದು ಹೋದವರಿಗೆ ಕೀಲು ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ವಿಟಮಿನ್ ಡಿ 20ಕ್ಕಿಂತ ಕೆಳಗಿದ್ದರೆ ಎಲುಬು ನೋವೂ ಬರುತ್ತದೆ, ಆಲ್ಕಲೈನ್ ಫಾಸ್ಫಟೇಸೂ ಏರಬಹುದು. ಇಷ್ಟು ಬಿಸಿಲಿನ ನಾಡಿನಲ್ಲಿ ಎಲ್ಲಿಂದ ಕೊರತೆ ಎಂದರೆ, ಮೈತುಂಬ ಸೆರಗು, ದಿನವಿಡೀ ಒಳಗೆ. ಹೀಗಾಗಿ ಇಲ್ಲೇ ಜಿಲ್ಲಾ ಕೇಂದ್ರದಲ್ಲಿ ಮೊದಲು ಆಗಬೇಕಾದವು: ನೋಯುವ ಜಾಗದ ಎಕ್ಸ್‌ರೇ, ಕ್ಯಾಲ್ಸಿಯಂ, ಆಲ್ಕಲೈನ್ ಫಾಸ್ಫಟೇಸ್, ವಿಟಮಿನ್ ಡಿ, ಲಿವರ್ ಪರೀಕ್ಷೆ. ಫಾಸ್ಫಟೇಸ್ ಏರಿದ್ದರೆ ಜಿಜಿಟಿ ಎಂಬ ಇನ್ನೊಂದು ಪರೀಕ್ಷೆ, ಅದು ಲಿವರಿನಿಂದಲೋ ಎಲುಬಿನಿಂದಲೋ ಎಂದು ಬಿಡಿಸಿ ಹೇಳುತ್ತದೆ. ಕ್ಯಾಲ್ಸಿಯಂ ಏರಿ ವಿಪರೀತ ಬಾಯಾರಿಕೆ, ಮಲಬದ್ಧತೆ, ಮಂಕು ಇದ್ದರೆ ಮಾತ್ರ ತಡ ಮಾಡಬಾರದು. ಎಕ್ಸ್‌ರೇ ಚೆನ್ನಾಗಿದೆ ಎಂದ ಮಾತ್ರಕ್ಕೆ ಹಟ ಹಿಡಿದ ನೋವನ್ನು ಕೈಬಿಡುವಂತಿಲ್ಲ. ಎಲುಬು ಸಾಕಷ್ಟು ಸವೆದ ಮೇಲಷ್ಟೇ ಎಕ್ಸ್‌ರೇಯಲ್ಲಿ ಕಾಣುವುದು.

ಬೋನ್ ಸ್ಕ್ಯಾನಿಗೆ ಉಪವಾಸ ಬೇಕಿಲ್ಲ. ಇಂಜೆಕ್ಷನ್ ಕೊಟ್ಟು ಸುಮಾರು ಮೂರು ತಾಸು ಕೂರಿಸುತ್ತಾರೆ, ಅಷ್ಟರಲ್ಲಿ ನೀರು ಚೆನ್ನಾಗಿ ಕುಡಿಯಬೇಕು, ಸ್ಕ್ಯಾನಿಗೆ ಮಲಗುವ ಮುಂಚೆ ಮೂತ್ರ ಪೂರ್ತಿ ಮಾಡಿ ಬರಬೇಕು. ಮೂತ್ರಕೋಶದಲ್ಲಿ ಉಳಿದ ಔಷಧ ಸೊಂಟದ ಎಲುಬನ್ನು ಮರೆ ಮಾಡುತ್ತದೆ. ಹಳೇ ಮುರಿತ, ಸವೆದ ಮೊಣಕಾಲು, ಹುಳುಕು ಹಲ್ಲಿನ ಬುಡದ ಸೋಂಕು ಇವೆಲ್ಲ ಅದರಲ್ಲಿ ಕಪ್ಪು ಚುಕ್ಕೆಯಾಗಿ ಬರುತ್ತವೆ. ಬಿದ್ದದ್ದು, ಪೆಟ್ಟಾದದ್ದು, ಹಲ್ಲು ಕೀಳಿಸಿದ್ದು ಮೊದಲೇ ಹೇಳಿ.

ಕೆಮ್ಮಿನ ಕಥೆ ಬೇರೆ. ಕರೆಂಟು ಮುಗಿದು ಒಂದರಿಂದ ಆರು ತಿಂಗಳೊಳಗೆ ಒಣ ಕೆಮ್ಮು, ಸ್ವಲ್ಪ ಜ್ವರ, ದಮ್ಮು ಬಂದರೆ ಶ್ವಾಸಕೋಶಕ್ಕೆ ಕರೆಂಟಿನ ಬಿಸಿ ತಟ್ಟಿರಬಹುದು; ಡಾಕ್ಟರ ಉಸ್ತುವಾರಿಯಲ್ಲಿ ಸ್ಟಿರಾಯ್ಡ್ ಮಾತ್ರೆಗೆ ಇದು ಬಗ್ಗುತ್ತದೆ. ಮುಂದೆ ಅಲ್ಲೇ ಗಾಯದ ಗುರುತು ಉಳಿಯುತ್ತದೆ. ಕೊರಳೆಲುಬಿನ ಮೇಲೂ ಕರೆಂಟು ಕೊಡಿಸಿಕೊಂಡವರಿಗೆ ಆ ಗುರುತು ಶ್ವಾಸಕೋಶದ ತುದಿಯಲ್ಲಿ ಬರುತ್ತದೆ. ಟಿಬಿ ಕೂರುವುದೂ ಅದೇ ಜಾಗದಲ್ಲಿ. ಎಕ್ಸ್‌ರೇ ನೋಡಿದ ಊರ ಡಾಕ್ಟರು 'ಟಿಬಿ ಇದ್ದಂಗ ಐತಿ' ಎಂದು ಮಾತ್ರೆ ಶುರು ಮಾಡುವುದು ಅಪರೂಪವೇನಲ್ಲ. ಕಫ ಪರೀಕ್ಷೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಆಗುವ ಸಿಬಿನ್ಯಾಟ್ ಎಂಬ ಟಿಬಿ ಪರೀಕ್ಷೆ ಮಾಡಿಸದೆ ಟಿಬಿ ಮಾತ್ರೆ ಒಪ್ಪಿಕೊಳ್ಳಬೇಡಿ. ಇದರಲ್ಲಿ ಇನ್ನೊಂದು ತೊಡಕಿದೆ: ಟಿಬಿಗೆ ಕೊಡುವ ರಿಫಾಂಪಿಸಿನ್ ರಕ್ತದಲ್ಲಿ ಟ್ಯಾಮಾಕ್ಸಿಫೆನ್ನಿನ ಮಟ್ಟವನ್ನು ಬಹಳ ಇಳಿಸಿಬಿಡುತ್ತದೆ. ನಿಜವಾಗಿಯೂ ಟಿಬಿ ಇದ್ದರೆ ಚಿಕಿತ್ಸೆ ಬೇಕೇ ಬೇಕು, ಆದರೆ ಕ್ಯಾನ್ಸರ್ ಡಾಕ್ಟರಿಗೆ ಆ ದಿನವೇ ತಿಳಿಸಿ ಹಾರ್ಮೋನ್ ಮಾತ್ರೆಯ ಬಗ್ಗೆ ಕೇಳಬೇಕು. ಇತ್ತ ಟಿಬಿ ಎಂದುಕೊಂಡು ತಿಂಗಳುಗಟ್ಟಲೆ ನುಂಗಿ, ಒಳಗೆ ಶ್ವಾಸಕೋಶದ ಸುತ್ತ ನೀರು ತುಂಬುತ್ತಿದ್ದರೂ ಗೊತ್ತಾಗದೆ ಹೋಗುವುದೂ ಇದೆ. ಆ ನೀರನ್ನು ತೆಗೆದು ಪರೀಕ್ಷೆಗೆ ಕಳಿಸಿದರೆ ಯಾವುದೆಂದು ಬಹಳ ಸಲ ತಿಳಿಯುತ್ತದೆ.

ಕೈ ಬಾವನ್ನು ಮೊದಲು ಹೇಳುವುದು ಬಳೆ. ಆಪರೇಷನ್ ಆದ ಕಡೆ ದಿನಾ ಸಲೀಸಾಗಿ ಏರುತ್ತಿದ್ದ ಬಳೆ ಸಿಕ್ಕಿಕೊಂಡರೆ ಟೇಪು ತೆಗೆದುಕೊಳ್ಳಿ. ಮಣಿಕಟ್ಟಿನಿಂದ ಶುರು ಮಾಡಿ ಹತ್ತು ಹತ್ತು ಸೆಂಟಿಮೀಟರಿಗೆ ಪೆನ್ನಿನಲ್ಲಿ ಗುರುತು ಹಾಕಿ ಎರಡೂ ಕೈ ಅಳೆಯಿರಿ. ಯಾವುದೇ ಗುರುತಿನಲ್ಲಿ 2 ಸೆಂಟಿಮೀಟರ್ ವ್ಯತ್ಯಾಸವಿದ್ದರೆ ತೋರಿಸಬೇಕು. ಬಲಗೈಯವರಿಗೆ ಬಲಗೈ ಮೊದಲೇ ಒಂದು ಚೂರು ದಪ್ಪ, ಅದಕ್ಕೇ ಆಪರೇಷನ್ನಿಗೆ ಮುಂಚಿನ ಅಳತೆ ಬರೆದಿಟ್ಟಿದ್ದರೆ ಚೆನ್ನ. ಹತ್ತಿ ಬಿಡಿಸುವಾಗ ಒಣಗಿದ ಕಾಯಿಯ ಚೂಪು ಅಂಚು ಗೀರುವುದು, ಜಾಲಿಮುಳ್ಳು, ಒಲೆಯ ಮುಂದೆ ರೊಟ್ಟಿ ಬಡಿಯುವಾಗ ಹೆಂಚು ತಾಗುವುದು, ಸೋಂಕು ಒಳಹೊಗುವುದು ಇಂಥ ಸಣ್ಣ ಗಾಯದಿಂದಲೇ. ತೋಳುದ್ದದ ಅಂಗಿ, ಹೊಲದಲ್ಲಿ ಕೈಗವಸು. ಗಾಯವಾದರೆ ಸೋಪಿನಲ್ಲಿ ತೊಳೆದು ಮುಲಾಮು. ಅರಿಸಿನ ಮೆತ್ತಿ ಬಿಡುವುದಲ್ಲ. ಬಾವು ತಡೆಯಲು ಕೈಗೆ ಬಿಗಿಯಾಗಿ ಏರಿಸುವ ಒತ್ತು ತೋಳು ಹಾಕಿಕೊಳ್ಳುವುದು ನಮ್ಮ ಏಪ್ರಿಲ್-ಮೇಯಲ್ಲಿ ಶಿಕ್ಷೆಯೇ ಸರಿ, ಬೆಳಗಿನ ತಂಪಿನಲ್ಲಿ ಕೈ ಒಣಗಿದ್ದಾಗ ಹಾಕಿ, ಎರಡು ಜೊತೆ ಇಟ್ಟುಕೊಂಡು ದಿನಾ ಒಗೆದು ಬದಲಾಯಿಸುವುದೊಂದೇ ದಾರಿ. ವರ್ಷಗಳ ಕಾಲ ಏನೂ ಇಲ್ಲದೆ ಇದ್ದಕ್ಕಿದ್ದಂತೆ ನೋವಿನೊಂದಿಗೆ ಬಾತರೆ ಬರೀ ವ್ಯಾಯಾಮ ಹೇಳಿಸಿಕೊಂಡು ಬರಬೇಡಿ. ಕಂಕುಳು, ಕೊರಳೆಲುಬಿನ ಮೇಲ್ಭಾಗವನ್ನು ಕೈಯಿಟ್ಟು ನೋಡಬೇಕು, ರಕ್ತನಾಳದ ಡಾಪ್ಲರ್ ಸ್ಕ್ಯಾನ್ ಆಗಬೇಕು.

ಹೊಲಿಗೆಯ ಸುತ್ತ ಸಿಗುವ ಗಟ್ಟಿ ಗಂಟು ಎಷ್ಟೋ ಸಲ ಸತ್ತ ಕೊಬ್ಬು. ಆಪರೇಷನ್ನು ಅಥವಾ ಕರೆಂಟಿನಿಂದ ಕೊಬ್ಬಿಗೆ ರಕ್ತ ಸಿಗದೆ ಅದು ಗಟ್ಟಿಯಾಗಿ, ಸುತ್ತ ಸುಣ್ಣ ಕಟ್ಟಿ, ಕೈಗೆ ಥೇಟ್ ಮೊದಲಿನ ಗಡ್ಡೆಯಂತೆಯೇ ಸಿಗುತ್ತದೆ. ಮುಟ್ಟಿ ನೋಡಿ ಯಾರೂ, ಡಾಕ್ಟರೂ, ಖಚಿತವಾಗಿ ಹೇಳಲಾರರು. ಮ್ಯಾಮೊಗ್ರಾಂ, ಅಲ್ಟ್ರಾಸೌಂಡು, ಬೇಕಾದರೆ ಸೂಜಿ. ಹೊಲಿಗೆಯ ಮೇಲೆ ಅಕ್ಕಿಕಾಳಿನಂಥ ಕೆಂಪು ಗುಳ್ಳೆಗಳು ಎದ್ದು ಮಾಯದಿದ್ದರೆ ಬೆವರುಸಾಲೆ ಎಂದು ಪೌಡರ್ ಹಚ್ಚಿ ಕೂರಬಾರದು, ತೋರಿಸಬೇಕು. ಮ್ಯಾಮೊಗ್ರಾಂ ದಿನ ಪೌಡರ್ ಬೇಡವೇ ಬೇಡ. ಅದರ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕೆಗಳಂತೆ ಬರಬಹುದು.

ಮ್ಯಾಮೊಗ್ರಾಂ ರಿಪೋರ್ಟಿನ ಕೊನೆಗೆ ಬೈರಾಡ್ಸ್ ಎಂಬ ಅಂಕಿ ಇರುತ್ತದೆ. 1 ಅಂದರೆ ಏನೂ ಇಲ್ಲ, 2 ಅಂದರೆ ಇರುವುದು ನಿರಪಾಯ. 3 ಅಂದರೆ ಬಹುತೇಕ ನಿರಪಾಯ, ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಹೆಚ್ಚಿಲ್ಲ, 6 ತಿಂಗಳಿಗೆ ಮತ್ತೆ ನೋಡೋಣ ಎಂದು. 4, 5 ಬಂದರೆ ಬಯಾಪ್ಸಿ. 6 ಎಂದರೆ ಈಗಾಗಲೇ ಬಯಾಪ್ಸಿಯಲ್ಲಿ ಖಚಿತವಾದದ್ದು. 0 ಬಂದರೆ ಸೊನ್ನೆ, ಒಳ್ಳೆಯದಾಯಿತು ಎಂದು ಸಿಹಿ ಹಂಚಿದವರೂ ಇದ್ದಾರೆ. 0 ಅಂದರೆ ನೋಡಿದ್ದು ಸಾಲದು, ಇನ್ನೊಂದು ಚಿತ್ರವೋ ಹಳೇ ಫಿಲ್ಮೋ ಬೇಕು ಎಂದು. ಹಳೆಯದನ್ನು ಜೊತೆಗೆ ಒಯ್ದಿದ್ದರೆ ಎಷ್ಟೋ ಸೊನ್ನೆಗಳು ಅಲ್ಲೇ 2 ಆಗುತ್ತವೆ.

ಟ್ಯಾಮಾಕ್ಸಿಫೆನ್ ನುಂಗುವವರಿಗೆ ಮುಟ್ಟು ನಿಂತ ಮೇಲೆ ಒಂದು ಕಲೆ ರಕ್ತ ಕಂಡರೂ ಸ್ತ್ರೀರೋಗ ಡಾಕ್ಟರಿಗೆ ತೋರಿಸಬೇಕು, ಗರ್ಭಕೋಶದ ಒಳಪದರದ ಬಯಾಪ್ಸಿ ಬೇಕಾಗಬಹುದು. ಸೀರೆಗೆ ಅಂಟಿದ ಕಲೆಯನ್ನು ಒಗೆದು ಮುಚ್ಚಿಡುವ ವಿಷಯ ಇದಲ್ಲ. ಆದರೆ ರಕ್ತವೇ ಇಲ್ಲದೆ ಸ್ಕ್ಯಾನಿನಲ್ಲಿ ಒಳಪದರ ದಪ್ಪ ಎಂದು ಬಂದರೆ ಅದು ಈ ಮಾತ್ರೆಯ ಮಾಮೂಲು ಗುಣ. ಅಷ್ಟಕ್ಕೇ ಗರ್ಭಕೋಶ ತೆಗೆಸಲು ಒಪ್ಪುವ ಮುನ್ನ ಕ್ಯಾನ್ಸರ್ ಡಾಕ್ಟರನ್ನು ಕೇಳಿ. ಲಿವರಿನಲ್ಲಿ ಕೊಬ್ಬು ಎಂಬುದೂ ಈ ಮಾತ್ರೆಯಿಂದ ಬರುವಂಥದ್ದೇ.

ಇನ್ನು ಅಂಕಿಗಳು. ಸಿಎ 15-3 ಎಂಬ ಕ್ಯಾನ್ಸರ್ ಮಾರ್ಕರಿನ ರಕ್ತ ಪರೀಕ್ಷೆಯನ್ನು ನಮ್ಮ ಊರ ಲ್ಯಾಬುಗಳು 'ಕ್ಯಾನ್ಸರ್ ಪ್ಯಾಕೇಜ್' ಎಂದು ಮಾರುತ್ತವೆ. ಮಿತಿ ಸುಮಾರು 30 ಎಂದು ಬರೆದಿರುತ್ತದೆ, 34 ಬಂದರೆ ದಪ್ಪ ಅಕ್ಷರದಲ್ಲಿ ಕಾಣುತ್ತದೆ, ಮನೆಯಲ್ಲಿ ಅಡುಗೆ ನಿಲ್ಲುತ್ತದೆ. ಲಿವರಿನ ತೊಂದರೆ, ಬಿ-12 ಕೊರತೆಯ ರಕ್ತಹೀನತೆ, ಟಿಬಿ ಇವುಗಳಲ್ಲೂ ಇದು ಏರುತ್ತದೆ. ಕಾಯಿಲೆ ಮರಳಿದ್ದರೂ ಎಷ್ಟೋ ಜನರಲ್ಲಿ ಏರುವುದೇ ಇಲ್ಲ. ಒಂದು ಲ್ಯಾಬಿನ ಯಂತ್ರಕ್ಕೂ ಇನ್ನೊಂದರ ಯಂತ್ರಕ್ಕೂ ಅಂಕಿ ತಾಳೆಯಾಗದು. ಬಳ್ಳಾರಿಯ 24ನ್ನು ಬೆಂಗಳೂರಿನ 33ರ ಜೊತೆ ಹೋಲಿಸಿ ಏರಿತು ಎನ್ನುವುದು ತಪ್ಪು. ಕೂದಲು ಬೆಳೆಯಲೆಂದು ನುಂಗುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳಲ್ಲಿ ಇಂಥ ಪರೀಕ್ಷೆಗಳ ಅಂಕಿಯನ್ನು ಕೆಡಿಸುತ್ತದೆ, ಲ್ಯಾಬಿನವರಿಗೆ ಹೇಳಬೇಕು. ಡಾಕ್ಟರೇ ಬರೆದು ಮಾಡಿಸಿದ್ದರೆ ಅದೇ ಲ್ಯಾಬಿನಲ್ಲಿ ಕೆಲವು ವಾರ ಬಿಟ್ಟು ಮತ್ತೆ ನೋಡುವುದು, ಎರಡು ಮೂರು ಅಂಕಿ ಒಂದೇ ದಿಕ್ಕಿಗೆ ಏರುತ್ತಿವೆಯೇ ಎಂದು ಗಮನಿಸುವುದು. ತಾವಾಗಿ ಮಾಡಿಸಿಕೊಂಡು ಹೋಗುವುದರಲ್ಲಿ ನಮಗಂತೂ ಲಾಭ ಕಂಡಿಲ್ಲ.

ಪೆಟ್ ಸ್ಕ್ಯಾನ್ ಬರೆದುಕೊಟ್ಟರೆ ಪ್ರಯಾಣ. ರಾಯಚೂರಿನವರಿಗೆ ಹೈದರಾಬಾದು ಹತ್ತಿರ, ಬಳ್ಳಾರಿ-ಕೊಪ್ಪಳದವರು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತಿ ಬೆಂಗಳೂರಿಗೆ, ಇಲ್ಲವೇ ಹಗಲಿನಲ್ಲಿ ಹುಬ್ಬಳ್ಳಿಗೆ. ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ಎಸಿಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗಾರರೊಬ್ಬರಿಗೆ ಮುಕ್ಕಾಲು ಭಾಗ; ತಪಾಸಣೆಗೆ ಹೋಗುವಾಗಲೂ ಇದು ಸಿಗುತ್ತದೆ. ಆಸ್ಪತ್ರೆಯಲ್ಲಿ ರೈಲ್ವೆ ಫಾರಂಗೆ ಸಹಿ-ಸೀಲು ಹಾಕಿಸಿಕೊಂಡು ಸ್ಟೇಷನ್ ಕೌಂಟರಿನಲ್ಲಿ ಕೊಡಬೇಕು. ಶಕ್ತಿ ಯೋಜನೆಯ ಉಚಿತ ಬಸ್ಸು ಹೈದರಾಬಾದಿನಂಥ ಹೊರರಾಜ್ಯದ ಓಡಾಟಕ್ಕೆ ನಡೆಯದು. ಆಯುಷ್ಮಾನ್ ಕಾರ್ಡಿನವರು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇಲ್ಲದೆ ಹೊರಡಬೇಡಿ, ಈ ಸ್ಕ್ಯಾನು ಕಾರ್ಡಿನಲ್ಲಿ ಬರುತ್ತದೋ ಇಲ್ಲವೋ ಆ ಆಸ್ಪತ್ರೆಯ ಡೆಸ್ಕಿಗೆ ಫೋನು ಮಾಡಿ ಮೊದಲೇ ಕೇಳಿ.

ಪೆಟ್‌ಗೆ ಕೊಡುವ ಔಷಧ ವಿಕಿರಣದ ಸಕ್ಕರೆ. ಅದರ ಬಲ 110 ನಿಮಿಷಕ್ಕೆ ಅರ್ಧವಾಗುತ್ತದೆ, ಅದಕ್ಕೇ ಕೊಟ್ಟ ಸಮಯಕ್ಕೆ ತಡವಾದರೆ ನಿಮ್ಮ ಪಾಲಿನದು ವ್ಯರ್ಥ. ಬೆಳಗಿನ ರೈಲು ತಡವಾದರೆ ಎಂಬ ಚಿಂತೆ ಬೇಡವೆಂದಾದರೆ ಹಿಂದಿನ ದಿನವೇ ಹೋಗಿರುವುದು ಲೇಸು. ಹಿಂದಿನ ದಿನ ಭಾರ ಎತ್ತುವ, ಬಟ್ಟೆ ಒಗೆಯುವ ಕೆಲಸ ಬೇಡ, ದುಡಿದ ಸ್ನಾಯು ಸಕ್ಕರೆ ಎಳೆದುಕೊಂಡು ಚಿತ್ರದಲ್ಲಿ ಹೊಳೆಯುತ್ತದೆ. ರಾತ್ರಿ ಅನ್ನ, ಸಿಹಿ ಕಡಿಮೆ. ಪರೀಕ್ಷೆಗೆ ಮುಂಚೆ ಕನಿಷ್ಠ 4ರಿಂದ 6 ತಾಸು ನೀರಲ್ಲದೆ ಏನೂ ಇಲ್ಲ, ಚಹಾ ಕೂಡ ಇಲ್ಲ. ಸಕ್ಕರೆ ಕಾಯಿಲೆಯವರ ಸಕ್ಕರೆ 200ರೊಳಗೆ ಇರಬೇಕು, ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ಮೆಟ್‌ಫಾರ್ಮಿನ್, ಇನ್ಸುಲಿನ್ ಯಾವಾಗ ನಿಲ್ಲಿಸಬೇಕೆಂದು ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಒಂದು ಶಾಲು ಒಯ್ಯಿರಿ. ಸೂಜಿ ಚುಚ್ಚಿ ಸುಮಾರು ಒಂದು ತಾಸು ಎಸಿ ಕೋಣೆಯಲ್ಲಿ ಮಾತಿಲ್ಲದೆ ಮಲಗಿಸುತ್ತಾರೆ. ಮೈ ನಡುಗಿದರೆ ಕುತ್ತಿಗೆಯ ಸುತ್ತಲಿನ ಕೊಬ್ಬು ಸಕ್ಕರೆ ಹೀರಿ ಸುಳ್ಳು ಚುಕ್ಕೆ ತೋರಿಸುತ್ತದೆ. ಸೂಜಿ ಆಪರೇಷನ್ ಆಗದ ಕೈಗೆ. ಇತ್ತೀಚೆಗೆ ಲಸಿಕೆ ಹಾಕಿಸಿಕೊಂಡಿದ್ದರೆ ಯಾವ ತೋಳಿಗೆ ಎಂದು ಹೇಳಬೇಕು, ಆ ಕಂಕುಳಿನ ಗ್ರಂಥಿ ಕೆಲವು ವಾರ ಹೊಳೆಯುತ್ತದೆ. ಮುಗಿದ ಮೇಲೆ ಆ ದಿನ ಚಿಕ್ಕ ಮಕ್ಕಳನ್ನು, ಬಸುರಿಯರನ್ನು ದೂರವಿಡಬೇಕು.

ರಿಪೋರ್ಟು ಸಾಮಾನ್ಯವಾಗಿ ಫೋನಿಗೆ ಬರುತ್ತದೆ, ಅದೂ ಡಾಕ್ಟರು ಸಿಗದ ಹೊತ್ತಿನಲ್ಲಿ. ಅದರಲ್ಲಿ ಎಸ್‌ಯುವಿ ಎಂಬ ಅಂಕಿ ಇರುತ್ತದೆ, ಆ ಜಾಗ ಎಷ್ಟು ಸಕ್ಕರೆ ಹೀರಿತು ಎಂಬುದರ ಅಳತೆ. ಟಿಬಿ ಗ್ರಂಥಿ, ಸೋಂಕು, ಹೊಸ ಗಾಯ ಇವೂ ಜೋರಾಗಿ ಹೀರುತ್ತವೆ, ಹಾಗಾಗಿ ದೊಡ್ಡ ಅಂಕಿ ಎಂದರೆ ಕ್ಯಾನ್ಸರ್ ಎಂದಲ್ಲ. 'ಇನ್‌ಡಿಟರ್ಮಿನೇಟ್' ಎಂದಿದ್ದರೆ ಚಿತ್ರ ನೋಡಿದವರಿಗೂ ಯಾವ ಕಡೆಯೆಂದು ತೀರ್ಮಾನವಾಗಿಲ್ಲ. 'ಕ್ಲಿನಿಕಲ್ ಕೋರಿಲೇಷನ್' ಎಂದಿದ್ದರೆ ನಿಮ್ಮನ್ನು ಮುಟ್ಟಿ ನೋಡುವ ಡಾಕ್ಟರೇ ಹೇಳಬೇಕು. ಅಂಕಿಗಳನ್ನು ಫೋನಿನಲ್ಲಿ ಹುಡುಕಿ ರಾತ್ರಿ ಕಳೆಯುವುದರ ಬದಲು, ಮನೆಯಲ್ಲಿ ಒಬ್ಬರು, ಮಗಳೋ ತಮ್ಮನೋ, ರಿಪೋರ್ಟನ್ನು ಮೊದಲು ತಮ್ಮ ಫೋನಿಗೆ ತರಿಸಿಕೊಳ್ಳಲಿ ಎಂದು ಮುಂಚೆಯೇ ಮಾತಾಡಿಕೊಂಡರೆ ಉಳಿದವರು ಒಂದಿಷ್ಟು ಉಣ್ಣುತ್ತಾರೆ. ಅತ್ತೆ ಮನೆ, ತವರು ಮನೆ ಎರಡಕ್ಕೂ ಸುದ್ದಿ ಹೋಗುವುದು ಡಾಕ್ಟರನ್ನು ಕಂಡ ಮೇಲೆ. ನಿದ್ದೆಯೇ ಇಲ್ಲದೆ ಎದೆ ಹೊಡೆದುಕೊಳ್ಳುತ್ತಿದ್ದರೆ 14416ಕ್ಕೆ, ಟೆಲಿ ಮಾನಸ್‌ಗೆ, ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮನಸ್ಸಿಗೆಂದು ಮಾತ್ರೆ ಕೊಟ್ಟರೆ ಟ್ಯಾಮಾಕ್ಸಿಫೆನ್ ನುಂಗುತ್ತಿರುವುದನ್ನು ಹೇಳಬೇಕು. ಪ್ಯಾರಾಕ್ಸೆಟಿನ್, ಫ್ಲೂಯಾಕ್ಸೆಟಿನ್ ಎಂಬ ಎರಡು ಅದರ ಕೆಲಸಕ್ಕೆ ಅಡ್ಡ ಬರುತ್ತವೆ, ಬೇರೆಯವು ಇವೆ.

ಡಾಕ್ಟರ ಮುಂದೆ ಸಿಗುವುದು ಐದು ನಿಮಿಷ. ಮೊದಲ ಪ್ರಶ್ನೆ: 'ಸರ್, ಇದನ್ನ ಹಳೇ ಸಿಡಿ ಜೋಡಿ ಇಟ್ಟು ನೋಡಿದ್ರೇನ್ರೀ?' ಎರಡನೆಯದು: 'ಬಯಾಪ್ಸಿ ಇಲ್ಲದ ಚಿಕಿತ್ಸೆ ಶುರು ಮಾಡಬೇಕಾಗತದೇನ್ರೀ?' ಒರಟು ಎನಿಸಿದರೂ ಕೇಳಲೇಬೇಕು. ಸೂಜಿ ಹಾಕಬಹುದಾದ ಜಾಗದಲ್ಲಿ ಹೊಸ ಗಡ್ಡೆ ಇದ್ದರೆ ತುಂಡು ತೆಗೆದು ನೋಡುವುದೇ ಸರಿಯಾದ ಕ್ರಮ, 'ಸೂಜಿ ಚುಚ್ಚಿದ್ರ ಹರಡತದ' ಎಂಬ ಕಟ್ಟೆಯ ಮಾತಿಗೆ ಹೆದರಿ ಬಿಟ್ಟರೆ ಟಿಬಿಗೆ ಕೀಮೋ, ಕ್ಯಾನ್ಸರಿಗೆ ಟಿಬಿ ಮಾತ್ರೆ ಆದೀತು. ಮರಳಿ ಬಂದದ್ದೇ ನಿಜವಾದರೂ ಇಆರ್, ಪಿಆರ್, ಹರ್-2 ಮತ್ತೊಮ್ಮೆ ಮಾಡಿಸಬೇಕು. ಮೊದಲ ಗಡ್ಡೆಯಲ್ಲಿದ್ದದ್ದು ಹೊಸದರಲ್ಲಿ ಬದಲಾಗಿರಬಹುದು, ಚಿಕಿತ್ಸೆಯ ಆಯ್ಕೆ ಅದರ ಮೇಲೇ ನಿಂತಿದೆ. ಹರ್-2 ಎರಡು ಪ್ಲಸ್ ಬಂದರೆ ಫಿಶ್ ಎಂಬ ಇನ್ನೊಂದು ಪರೀಕ್ಷೆ ಆಗದೆ ಉತ್ತರವಿಲ್ಲ.

ಹೋಲಿಸಿ ನೋಡಲು ಮೊದಲ ಗಡ್ಡೆಯ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕು ಕೇಳುತ್ತಾರೆ. ಅದು ಆಪರೇಷನ್ ಆದ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಇರುತ್ತದೆ. ಅರ್ಜಿ, ಪೆಥಾಲಜಿ ನಂಬರು ಇರುವ ಹಳೇ ರಿಪೋರ್ಟಿನ ಜೆರಾಕ್ಸು, ರೋಗಿಯ ಗುರುತಿನ ಚೀಟಿ ಕೊಟ್ಟರೆ ಸಹಿ ಹಾಕಿಸಿಕೊಂಡು ಬ್ಲಾಕನ್ನೋ ಸ್ಲೈಡನ್ನೋ ಕೊಡುತ್ತಾರೆ. ಬೇಸಿಗೆಯಲ್ಲಿ ಅದನ್ನು ಬಸ್ಸಿನ ಕಿಟಕಿಯ ಬಿಸಿಲಿಗೆ, ನಿಲ್ಲಿಸಿದ ಕಾರಿನೊಳಗೆ ಇಡಬೇಡಿ, ಮೇಣ ಮೆತ್ತಗಾಗುತ್ತದೆ; ಸಣ್ಣ ಡಬ್ಬಿಯಲ್ಲಿ ಹತ್ತಿ ಸುತ್ತಿ ಕೈಚೀಲದ ಒಳಗಿಡಿ. ಕೆಲಸ ಮುಗಿದ ಮೇಲೆ ಬ್ಲಾಕನ್ನು ವಾಪಸ್ ಪಡೆದು, ಕೊಟ್ಟಲ್ಲಿಗೇ ತಿರುಗಿ ಕೊಟ್ಟು ರಸೀದಿ ಇಸಿದುಕೊಳ್ಳಿ.